ಹಗೇವು ದೊಡ್ಡದಾದರೆ ಸಾಲದು

1928ರ ಮೇ 17. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ರಾಜ್ಯದ ಕ್ಲಾನ್‌ಕರಿ ಎಂಬ ಸಣ್ಣ ಊರಿನಿಂದ ವೈದ್ಯರೊಬ್ಬರನ್ನು ಕೂರಿಸಿಕೊಂಡ ಪುಟ್ಟ ವಿಮಾನವೊಂದು ಮೇಲೆದ್ದಿತು. ಪಾದ್ರಿ ಜಾನ್ ಫ್ಲಿನ್ ಅವರು ಎಷ್ಟೋ ವರ್ಷಗಳಿಂದ ಕಾಣುತ್ತಿದ್ದ ‘ಹಾರುವ ವೈದ್ಯ’ ಸೇವೆಯ ಕನಸು ಅಂದು ನನಸಾಯಿತು. ಇನ್ನು ಮುಂದೆ ಒಳನಾಡಿನ ಜಾನುವಾರು ಎಸ್ಟೇಟುಗಳಲ್ಲಿ ಯಾರಿಗಾದರೂ ಕಾಯಿಲೆಯಾದರೆ ವೈದ್ಯರು ಹಾರಿಹೋಗಬಹುದಿತ್ತು. ಆದರೆ ಅಲ್ಲಿ ಕಾಯಿಲೆಯಾಗಿದೆ ಎಂಬ ಸುದ್ದಿಯನ್ನು ವೈದ್ಯರಿಗೆ ಮುಟ್ಟಿಸುವವರು ಯಾರು? ಟೆಲಿಫೋನ್ ಇಲ್ಲ, ತಂತಿ ಕಚೇರಿ ಇಲ್ಲ. ರೇಡಿಯೊ ಇಡಬಹುದು ನಿಜ. ಅದಕ್ಕೆ ಬೇಕಾದ ವಿದ್ಯುತ್ತು ಎಲ್ಲಿಂದ? ಅಂದಿನ ಬ್ಯಾಟರಿಗಳು ಹೊರಲಾರದಷ್ಟು ಭಾರ. ಒಮ್ಮೆ ಬರಿದಾದರೆ ಮತ್ತೆ ತುಂಬಲು ಸುತ್ತಮುತ್ತ ಎಲ್ಲೂ ವಿದ್ಯುತ್ತಿಲ್ಲ.

ಈ ಕಗ್ಗಂಟನ್ನು ಬಿಡಿಸಿದವರು ಅಡಿಲೇಡ್‌ನ ಎಂಜಿನಿಯರ್ ಆಲ್ಫ್ರೆಡ್ ಟ್ರೇಗರ್. ಸೈಕಲ್ಲಿನ ಪೆಡಲುಗಳಿಗೆ ಸಣ್ಣದೊಂದು ಜನರೇಟರನ್ನು ಜೋಡಿಸಿ, ಕುರ್ಚಿಯ ಮೇಲೆ ಕುಳಿತು ತುಳಿಯುತ್ತಲೇ ಸಂದೇಶ ಕಳಿಸಬಹುದಾದ ರೇಡಿಯೊ ಒಂದನ್ನು ಅವರು ತಯಾರಿಸಿದರು. 1929ರ ಜೂನ್ ತಿಂಗಳಲ್ಲಿ ಅಗಸ್ಟಸ್ ಡೌನ್ಸ್ ಎಂಬ ಎಸ್ಟೇಟಿನಿಂದ ಈ ‘ತುಳಿಯುವ ರೇಡಿಯೊ’ದ ಮೊದಲ ಸಂದೇಶ ಹೊರಟಿತು. ಸಾಮಾನ್ಯ ಮನುಷ್ಯ ಆಯಾಸವಿಲ್ಲದೆ ತುಳಿದರೆ ಅದರಿಂದ ಸಿಗುತ್ತಿದ್ದುದು ಸುಮಾರು 20 ವ್ಯಾಟ್. ಜೀವ ಉಳಿಸುವ ನಾಲ್ಕು ಮಾತಿಗೆ ಅಷ್ಟು ಸಾಕಾಗಿತ್ತು.

ಅಲ್ಲಿಂದ ಮುಂದೆ ಸುಮಾರು ನೂರು ವರ್ಷ ಕಳೆದಿದೆ. ಅದೇ ಒಳನಾಡಿಗೆ ಇಂದು ಜನ ವಿಹಾರಕ್ಕೆಂದು ಹೋಗುತ್ತಾರೆ. ಜೊತೆಯಲ್ಲಿ ಫ್ರಿಜ್ಜು, ದೀಪ, ನೀರೆತ್ತುವ ಪಂಪು, ಮೊಬೈಲು, ಉಪಗ್ರಹ ಫೋನು ಎಲ್ಲವೂ ಇರುತ್ತವೆ. ಆದರೆ ಟ್ರೇಗರ್ ಎದುರಿಸಿದ ಪ್ರಶ್ನೆ ಹಾಗೆಯೇ ಉಳಿದಿದೆ: ತಂತಿ ಮುಟ್ಟದ ಜಾಗದಲ್ಲಿ ವಿದ್ಯುತ್ತು ಎಲ್ಲಿಂದ?

ಊರಿಲ್ಲದ ಹಾದಿ

ಆಸ್ಟ್ರೇಲಿಯದ ರಸ್ತೆಗಳಲ್ಲಿ ‘ಕ್ಯಾಂಪರ್ ಟ್ರೇಲರ್’ ಎಂಬ ಬಂಡಿ ಎಲ್ಲೆಲ್ಲೂ ಕಾಣಸಿಗುತ್ತದೆ. ಎರಡು ಚಕ್ರದ ಗಟ್ಟಿಮುಟ್ಟಾದ ಪೆಟ್ಟಿಗೆ. ಜೀಪಿನ ಹಿಂದೆ ಕೊಂಡಿ ಹಾಕಿ ಎಳೆದುಕೊಂಡು ಹೋಗುವುದು. ಬೀಡುಬಿಟ್ಟ ಕಡೆ ಮುಚ್ಚಳ ತೆರೆದು ಮಡಚಿದ ಕ್ಯಾನ್ವಾಸನ್ನು ಬಿಡಿಸಿದರೆ ಮಲಗುವ ಡೇರೆ ಸಿದ್ಧ. ಒಂದು ಪಕ್ಕದಿಂದ ಹೊರಕ್ಕೆ ಎಳೆಯುವ ಅಡುಗೆಮನೆ, ಇನ್ನೊಂದು ಪಕ್ಕದಲ್ಲಿ ಫ್ರಿಜ್ಜು, ತಳದಲ್ಲಿ ನೀರಿನ ಟ್ಯಾಂಕು, ಮೂಲೆಯಲ್ಲೊಂದು 12 ವೋಲ್ಟಿನ ಬ್ಯಾಟರಿ. ಜೀಪಿನ ಎಂಜಿನನ್ನು ಚಾಲೂ ಮಾಡುವ ಬ್ಯಾಟರಿ ಬೇರೆ, ಇದು ಬೇರೆ. ಮನೆವಾರ್ತೆಯೆಲ್ಲ ಇದರ ಪಾಲಿಗೆ.

ಇಂಥ ಬಂಡಿಗಳಿಗೆ ಪರೀಕ್ಷೆಯ ಕಣವೆಂದರೆ ವಾಯವ್ಯ ಮೂಲೆಯ ಕಿಂಬರ್ಲಿ ಪ್ರದೇಶ. ವಿಸ್ತಾರದಲ್ಲಿ ಕರ್ನಾಟಕದ ಎರಡರಷ್ಟಕ್ಕಿಂತ ದೊಡ್ಡದು. ಜನಸಂಖ್ಯೆ ಅರ್ಧ ಲಕ್ಷವೂ ಇಲ್ಲ. ಅದರ ನಡುವೆ ಡರ್ಬಿ ಪಟ್ಟಣದಿಂದ ಪೂರ್ವಕ್ಕೆ ಸುಮಾರು 660 ಕಿ.ಮೀ. ಸಾಗುವ ಗಿಬ್ ರಿವರ್ ರಸ್ತೆ ಬಹುಪಾಲು ಕಲ್ಲುಮಣ್ಣಿನ ಹಾದಿ. ಎಸ್ಟೇಟುಗಳಿಂದ ದನಗಳನ್ನು ಬಂದರಿಗೆ ಸಾಗಿಸಲೆಂದು ಮಾಡಿದ ರಸ್ತೆ ಅದು. ಮಳೆಗಾಲದಲ್ಲಿ ಹೊಳೆಗಳು ಉಕ್ಕಿ ಮುಚ್ಚಿಹೋಗುತ್ತದೆ. ಮೇ ತಿಂಗಳಿಂದ ಅಕ್ಟೋಬರ್‌ವರೆಗಿನ ಒಣಹವೆಯಲ್ಲಿ ಪ್ರವಾಸಿಗಳು ಬರುತ್ತಾರೆ. ದಾರಿಯ ಬಹುಭಾಗದಲ್ಲಿ ಮೊಬೈಲು ಸಂಪರ್ಕ ಸಿಗದು.

ಇಂಥ ಹಾದಿಯಲ್ಲಿ ನಿವೃತ್ತ ದಂಪತಿಯೊಬ್ಬರನ್ನು ಕಲ್ಪಿಸಿಕೊಳ್ಳಬಹುದು. ಗಂಡನಿಗೆ ಸಕ್ಕರೆ ಕಾಯಿಲೆ. ಆರು ವಾರಗಳ ಪ್ರವಾಸಕ್ಕೆ ಬೇಕಾದ ಇನ್ಸುಲಿನ್ ಟ್ರೇಲರಿನ ಫ್ರಿಜ್ಜಿನಲ್ಲಿದೆ. ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪು ಬೇಕು. ಬಿಸಿಯಾದರೆ ಅದರ ಗುಣ ಕುಗ್ಗುತ್ತದೆ. ಹೆಪ್ಪುಗಟ್ಟಿದರಂತೂ ಬಳಸುವಂತೆಯೇ ಇಲ್ಲ. ಡರ್ಬಿಯಿಂದ ಇನ್ನೂರು ಚಿಲ್ಲರೆ ಕಿ.ಮೀ. ದೂರದಲ್ಲಿ ಹಳ್ಳದ ದಡ, ನೀಲಗಿರಿ ಮರಗಳ ನೆರಳು. ಸಂಜೆ ಬೀಡುಬಿಟ್ಟರು. ಬ್ಯಾಟರಿ ಹೊಚ್ಚ ಹೊಸದು, 100 ಆಂಪಿಯರ್-ಗಂಟೆಯದು. ಡೇರೆಯ ಮುಚ್ಚಳದ ಮೇಲೆ ಸೌರಫಲಕವೂ ಇದೆ. ಇನ್ನೇನು ಚಿಂತೆ?

ಮೂರನೆಯ ಬೆಳಿಗ್ಗೆ ಹೆಂಡತಿ ಹಾಲು ತೆಗೆಯಲು ಫ್ರಿಜ್ಜಿನ ಮುಚ್ಚಳ ಎತ್ತಿದರೆ ಒಳಗಿನ ದೀಪ ಹತ್ತಲಿಲ್ಲ. ಹಾಲಿನ ಡಬ್ಬ ಬೆಚ್ಚಗಿತ್ತು. ವೋಲ್ಟೇಜು ಇಳಿದಾಗ ಬ್ಯಾಟರಿ ಪೂರ್ತಿ ಸಾಯದಿರಲೆಂದು ಫ್ರಿಜ್ಜು ತನ್ನನ್ನು ತಾನೇ ಆರಿಸಿಕೊಂಡಿತ್ತು. ಇಬ್ಬರೂ ಗಡಿಬಿಡಿಯಿಂದ ಡೇರೆ ಮಡಚಿ ಡರ್ಬಿಯ ಕಡೆಗೆ ಜೀಪು ತಿರುಗಿಸಿದರು.

ಹೊಸ ಬ್ಯಾಟರಿ ಎರಡು ರಾತ್ರಿಗೆ ಸೋತದ್ದೇಕೆ? ಇಂಥ ಪ್ರಸಂಗದಲ್ಲಿ ಮೊದಲು ಹೊಳೆಯುವ ಉಪಾಯ ಒಂದೇ: ಇನ್ನೂ ದೊಡ್ಡ ಬ್ಯಾಟರಿ ಕೊಳ್ಳುವುದು. ಆದರೆ ಬ್ಯಾಟರಿ ಹೊಲವಲ್ಲ, ಹಗೇವು. ಹಾಕಿಟ್ಟ ಕಾಳನ್ನು ಅದು ಕಾಯುತ್ತದೆ. ಹೊಸದಾಗಿ ಒಂದು ಕಾಳನ್ನೂ ಬೆಳೆಯುವುದಿಲ್ಲ. ಬೆಳೆ ಹೆಚ್ಚದೆ ಹಗೇವು ಮಾತ್ರ ದೊಡ್ಡದಾದರೆ ಉಪವಾಸ ನಾಲ್ಕು ದಿನ ಮುಂದಕ್ಕೆ ಹೋಗಬಹುದು, ತಪ್ಪುವುದಿಲ್ಲ.

ಖರ್ಚಿನ ಪಟ್ಟಿ

ಮೊದಲು ಖರ್ಚಿನ ಲೆಕ್ಕ. ವಿದ್ಯುತ್ ಪ್ರವಾಹವನ್ನು ಆಂಪಿಯರ್‌ಗಳಲ್ಲಿ ಅಳೆಯುತ್ತಾರೆ. ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಅದು ಒಂದು ಆಂಪಿಯರ್-ಗಂಟೆ. ಬ್ಯಾಟರಿಯ ಹಗೇವಿಗೆ ಇದೇ ಸೇರು, ಇದೇ ಕೊಳಗ.

ನಲವತ್ತೈವತ್ತು ಲೀಟರಿನ, ಕಂಪ್ರೆಸರ್ ಇರುವ ಫ್ರಿಜ್ಜು ಓಡುವಾಗ ಸುಮಾರು 4 ಆಂಪಿಯರ್ ಎಳೆಯುತ್ತದೆ. ದಿನವಿಡೀ ಅದು ಓಡುವುದಿಲ್ಲ. ಓಡಿ ನಿಂತು, ನಿಂತು ಓಡಿ, ಬಿಸಿಲ ನಾಡಿನಲ್ಲಿ ಒಟ್ಟು 12 ಗಂಟೆ ಎಂದು ಹಿಡಿದರೆ 48 ಆಂಪಿಯರ್-ಗಂಟೆ ಆಯಿತು. ಎಲ್‌ಇಡಿ ದೀಪಗಳು 1 ಆಂಪಿಯರ್, 4 ಗಂಟೆ, ಅದು 4. ನೀರಿನ ಪಂಪು 5 ಆಂಪಿಯರ್ ತಿಂದರೂ ದಿನಕ್ಕೆ ಹನ್ನೆರಡು ನಿಮಿಷ ಮಾತ್ರ, ಅದು 1. ಫೋನು, ಕ್ಯಾಮೆರಾ ಇತ್ಯಾದಿಗೆ 5. ಒಟ್ಟು 58 ಆಂಪಿಯರ್-ಗಂಟೆ. ಹನ್ನೆರಡು ವೋಲ್ಟಿನಿಂದ ಗುಣಿಸಿದರೆ ಸುಮಾರು 700 ವ್ಯಾಟ್-ಗಂಟೆ. ಮನೆಯ ಮೀಟರಿನ ಭಾಷೆಯಲ್ಲಿ ಮುಕ್ಕಾಲು ಯೂನಿಟ್ಟೂ ಅಲ್ಲ!

ಅಲ್ಪವೆನ್ನುವ ಮೊದಲು ಟ್ರೇಗರ್ ಅವರ ಪೆಡಲುಗಳನ್ನು ನೆನೆಯಬೇಕು. 20 ವ್ಯಾಟಿನಂತೆ ತುಳಿದರೆ 700 ವ್ಯಾಟ್-ಗಂಟೆಗೆ 35 ಗಂಟೆ ತುಳಿಯಬೇಕು. ದಿನಕ್ಕಿರುವುದು 24 ಗಂಟೆ.

ಪಟ್ಟಿಯನ್ನು ಮತ್ತೊಮ್ಮೆ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ನೂರಕ್ಕೆ ಎಂಬತ್ತು ಪಾಲಿಗಿಂತ ಹೆಚ್ಚು ಖರ್ಚು ಫ್ರಿಜ್ಜಿನದೇ. ದೀಪ ಆರಿಸಿ ಕತ್ತಲಲ್ಲಿ ಕುಳಿತು ಉಳಿಸಿದ್ದಕ್ಕಿಂತ, ಫ್ರಿಜ್ಜನ್ನು ನೆರಳಿಗೆ ಸರಿಸಿ ಅದರ ಗಾಳಿಕಿಂಡಿಗಳ ಮುಂದೆ ಸಾಮಾನು ತುರುಕದೆ ಬಿಟ್ಟರೆ ಉಳಿಯುವುದು ಹೆಚ್ಚು. ಊರು ಬಿಡುವ ಹಿಂದಿನ ದಿನವೇ ಮನೆಯ ಕರೆಂಟಿನಲ್ಲಿ ಫ್ರಿಜ್ಜನ್ನೂ ಅದರೊಳಗಿನ ಸಾಮಾನನ್ನೂ ತಂಪು ಮಾಡಿಕೊಂಡರೆ ಆ ಕೆಲಸ ಬ್ಯಾಟರಿಯ ತಲೆಗೆ ಬರುವುದಿಲ್ಲ. ಬಿಸಿಲಲ್ಲಿ ಕಾದ ಹತ್ತು ಬಾಟಲಿಗಳನ್ನು ಒಮ್ಮೆಗೇ ಒಳಗಿಟ್ಟರೆ ಫ್ರಿಜ್ಜು ಗಂಟೆಗಟ್ಟಲೆ ಏದುಸಿರು ಬಿಡುತ್ತದೆ. ಅದನ್ನು ಅರ್ಧ ಖಾಲಿ ಇಡುವುದಕ್ಕಿಂತ ನೀರಿನ ಬಾಟಲಿಗಳಿಂದ ತುಂಬಿಡುವುದು ಮೇಲು. ತಂಪಾದ ನೀರು ಮುಚ್ಚಳ ತೆರೆದಾಗ ಗಾಳಿಯಂತೆ ಹೊರಗೆ ಓಡಿಹೋಗುವುದಿಲ್ಲ.

ಹಾಗೆಯೇ 12 ವೋಲ್ಟನ್ನು ಮನೆಯ ಕರೆಂಟಿನಂತೆ ಮಾಡಿಕೊಡುವ ಇನ್ವರ್ಟರಿನ ಮೋಹವೂ ಇದೆ. 1,200 ವ್ಯಾಟಿನ ಕಾಫಿ ಯಂತ್ರವನ್ನು ಅದಕ್ಕೆ ಸಿಕ್ಕಿಸಿದರೆ ಬ್ಯಾಟರಿಯಿಂದ 100 ಆಂಪಿಯರಿಗಿಂತ ಹೆಚ್ಚು ಪ್ರವಾಹ ಹೊರಡಬೇಕು. ಸೀಸದ ಬ್ಯಾಟರಿಯಿಂದ ಬಿರುಸಾಗಿ ಎಳೆದಷ್ಟೂ ಒಟ್ಟು ಸಿಗುವುದು ಕಡಿಮೆ ಎಂಬುದನ್ನು ಜರ್ಮನಿಯ ಪ್ಯೂಕರ್ಟ್ 1897ರಲ್ಲೇ ಸೂತ್ರವಾಗಿ ಬರೆದಿಟ್ಟಿದ್ದಾನೆ. ಕಾಫಿಗೆ ಗ್ಯಾಸಿನ ಒಲೆಯೇ ಸರಿ.

ತುಂಬಿದಂತೆ ಕಾಣುವ ಚೀಲ

ಇನ್ನು ಹಗೇವಿನ ವಿಚಾರ. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ಸೀಸದ ಎರಡು ಹಾಳೆಗಳನ್ನು ಸುರುಳಿ ಸುತ್ತಿ ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿಸಿ, ಮತ್ತೆ ಮತ್ತೆ ತುಂಬಬಹುದಾದ ಮೊದಲ ಬ್ಯಾಟರಿಯನ್ನು ಮಾಡಿದ. ಕ್ಯಾಂಪರ್ ಟ್ರೇಲರಿನಲ್ಲಿ ಬಹುಕಾಲ ಕೂತದ್ದು ಅದರ ಮೊಮ್ಮಗನೇ. ‘ಎಜಿಎಂ’ ಎಂದು ಕರೆಸಿಕೊಳ್ಳುವ ಇದರಲ್ಲಿ ಆಮ್ಲವನ್ನು ಗಾಜಿನ ನಾರಿನ ಮೆತ್ತೆ ಹೀರಿಕೊಂಡಿರುತ್ತದೆ. ಬಂಡಿ ಕುಲುಕಿದರೂ ಚೆಲ್ಲುವುದಿಲ್ಲ.

ಬಳಸುವಾಗ ಈ ಬ್ಯಾಟರಿಯ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ತುಂಬುವಾಗ ಅದು ಕರಗಿ ಮತ್ತೆ ಮೊದಲಿನಂತಾಗುತ್ತದೆ. ಹೊಸದಾಗಿ ಕೂತ ಸಲ್ಫೇಟಿನ ಹರಳು ನುಣುಪು, ಬೇಗ ಕರಗುತ್ತದೆ. ದಿನಗಟ್ಟಲೆ ಹಾಗೆಯೇ ಬಿಟ್ಟರೆ ಹರಳುಗಳು ಬೆಳೆದು ಗಟ್ಟಿಯಾಗುತ್ತವೆ, ಮತ್ತೆ ಕರಗಲು ಒಪ್ಪುವುದಿಲ್ಲ. ಅಷ್ಟು ಜಾಗ ಶಾಶ್ವತವಾಗಿ ನಷ್ಟ. ಆದ್ದರಿಂದಲೇ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಕ್ಕೆ ಇಳಿಸಬಾರದು ಎನ್ನುತ್ತಾರೆ. 100ರ ಬ್ಯಾಟರಿಯಲ್ಲಿ ನೆಮ್ಮದಿಯಿಂದ ಖರ್ಚು ಮಾಡಬಹುದಾದದ್ದು 50. ದಂಪತಿಯ ಒಂದು ದಿನದ ಖರ್ಚೇ 58!

ಇನ್ನೂ ಒಂದು ಸೂಕ್ಷ್ಮವಿದೆ. ಚೀಲಕ್ಕೆ ರಾಗಿ ತುಂಬುವವರಿಗೆ ಇದು ಗೊತ್ತು. ಮುಕ್ಕಾಲು ಚೀಲ ಸರಸರನೆ ತುಂಬುತ್ತದೆ. ಕೊನೆಯ ನಾಲ್ಕು ಸೇರಿಗೆ ಚೀಲವನ್ನು ಕುಕ್ಕಬೇಕು, ಕುಲುಕಬೇಕು, ಸ್ವಲ್ಪ ಸ್ವಲ್ಪವೇ ಸುರಿಯಬೇಕು. ಸೀಸದ ಬ್ಯಾಟರಿಯೂ ಹಾಗೆಯೇ. ನೂರಕ್ಕೆ ಎಂಬತ್ತರವರೆಗೆ ಬೇಗ ಏರುತ್ತದೆ. ಕೊನೆಯ ಇಪ್ಪತ್ತಕ್ಕೆ ಸುಮಾರು 14.4 ವೋಲ್ಟಿನಲ್ಲಿ ಗಂಟೆಗಟ್ಟಲೆ ಹಿಡಿದಿಡಬೇಕು. ಎರಡು ಮೂರು ಗಂಟೆ ಜೀಪು ಓಡಿಸಿ ‘ಬ್ಯಾಟರಿ ತುಂಬಿತು’ ಎಂದುಕೊಳ್ಳುವ ಪ್ರವಾಸಿಗೆ ನಿಜವಾಗಿ ಸಿಕ್ಕಿರುವುದು ಮುಕ್ಕಾಲು ಚೀಲ. ಹೀಗೆ ಪ್ರತಿದಿನವೂ ಅರೆಬರೆ ತುಂಬಿದ ಬ್ಯಾಟರಿಗೆ ಗಟ್ಟಿ ಹರಳಿನ ರೋಗ ಖಂಡಿತ. ಅದು ಹೆಚ್ಚು ದುಡಿದು ಸಾಯುವುದಿಲ್ಲ, ಹೊಟ್ಟೆ ತುಂಬದೆ ಸಾಯುತ್ತದೆ.

ಕರ್ನಾಟಕದ ಎಷ್ಟೋ ಮನೆಗಳಲ್ಲಿ ಇನ್ವರ್ಟರಿನ ಜೊತೆಗೆ ಕೂತಿರುವುದೂ ಇದೇ ಸೀಸದ ಬ್ಯಾಟರಿಯ ಜಾತಿ. ಆದರೆ ಅದು ಹೆಚ್ಚು ಹೊತ್ತು ತುಂಬಿಯೇ ಇರುತ್ತದೆ. ಅದರ ಕಷ್ಟ ನೀರು ಇಂಗುವುದು. ಟ್ರೇಲರಿನದರ ಕಷ್ಟ ಹಸಿವು.

ತಂತಿಯಲ್ಲಿ ಸೋರುವ ವೋಲ್ಟು

ಜೀಪಿನ ಎಂಜಿನು ಓಡುವಾಗ ಆಲ್ಟರ್ನೇಟರ್ ಸುಮಾರು 14.2 ವೋಲ್ಟು ಕೊಡುತ್ತದೆ. ಅದನ್ನು ತಂತಿಯ ಮೂಲಕ ಹಿಂದಿನ ಟ್ರೇಲರಿಗೆ ಒಯ್ಯಬಹುದಲ್ಲ? ಒಯ್ಯುತ್ತಾರೆ. ಅದಕ್ಕೆಂದೇ ಆಂಡರ್ಸನ್ ಪ್ಲಗ್ ಎಂಬ ಬೂದು ಬಣ್ಣದ ಕೊಂಡಿ ಅಲ್ಲಿನ ಬಂಡಿಗಳ ಹಿಂದೆ ಸಾಮಾನ್ಯ. ತೊಂದರೆ ಇರುವುದು ತಂತಿಯಲ್ಲಿ.

ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿ ಮೀಟರಿಗೆ 0.0172 ಓಮ್ ತಡೆ ಒಡ್ಡುತ್ತದೆ. ಆಸ್ಟ್ರೇಲಿಯದ ಅಂಗಡಿಗಳಲ್ಲಿ ವಾಹನಗಳಿಗೆಂದು ಮಾರುವ ‘6 ಮಿ.ಮೀ.’ ತಂತಿಯಲ್ಲಿ ಆ ಆರು ಎನ್ನುವುದು ಮೇಲಿನ ಹೊದಿಕೆಯೂ ಸೇರಿದ ದಪ್ಪ! ಒಳಗಿನ ತಾಮ್ರದ ಅಡ್ಡಕೊಯ್ತ ಸುಮಾರು 4.6 ಚದರ ಮಿ.ಮೀ. ಮಾತ್ರ. ಎಂಜಿನಿನಿಂದ ಟ್ರೇಲರಿಗೆ 7 ಮೀಟರ್ ಎಂದರೆ ಹೋಗಿ ಬರುವ ದಾರಿ 14 ಮೀಟರ್. 25 ಆಂಪಿಯರ್ ಹರಿದರೆ ತಂತಿಯಲ್ಲೇ 1.3 ವೋಲ್ಟು ನುಂಗಿಹೋಗುತ್ತದೆ. 14.2 ಹೊರಟದ್ದು ಬ್ಯಾಟರಿಯ ಬಾಗಿಲಿಗೆ ಬರುವಾಗ 12.9. ಅಷ್ಟರಿಂದ ಬ್ಯಾಟರಿಗೆ ನುಗ್ಗುವ ಪ್ರವಾಹ ತಾನೇ ಕುಗ್ಗುತ್ತದೆ. ತುಂಬುವ ಕೆಲಸ ಮುಗಿಯುವುದೇ ಇಲ್ಲ. ಇದೇ ಜಾಗದಲ್ಲಿ 13.5 ಚದರ ಮಿ.ಮೀ. ತಂತಿ ಹಾಕಿದರೆ ನಷ್ಟ ಅರ್ಧ ವೋಲ್ಟಿನೊಳಗೆ ನಿಲ್ಲುತ್ತದೆ.

ಇತ್ತೀಚಿನ ವಾಹನಗಳಲ್ಲಿ ಇನ್ನೊಂದು ತೊಡಕು. ಇಂಧನ ಉಳಿಸಲೆಂದು, ಜೀಪಿನ ಬ್ಯಾಟರಿ ತುಂಬಿದ ಕೂಡಲೇ ಆಲ್ಟರ್ನೇಟರ್ ತನ್ನ ವೋಲ್ಟೇಜನ್ನು ಇಳಿಸಿಬಿಡುತ್ತದೆ. ಹಿಂದೆ ಹಸಿದು ಕೂತ ಇನ್ನೊಂದು ಬ್ಯಾಟರಿ ಇದೆ ಎಂಬುದು ಅದಕ್ಕೆ ತಿಳಿಯದು. ಇದಕ್ಕೆಲ್ಲ ಪರಿಹಾರವೆಂದರೆ ಟ್ರೇಲರಿನ ಬ್ಯಾಟರಿಯ ಪಕ್ಕದಲ್ಲೇ ಕೂರಿಸುವ ‘ಡಿಸಿ-ಡಿಸಿ ಚಾರ್ಜರ್’. ಬಂದ ವೋಲ್ಟು ಎಷ್ಟೇ ಇರಲಿ, ಬ್ಯಾಟರಿಗೆ ಬೇಕಾದ 14.4ಕ್ಕೆ ಏರಿಸಿ, ಹಂತ ಹಂತವಾಗಿ ಉಣಿಸುವ ಉಪಕರಣ ಇದು. ಆದರೂ ದಪ್ಪ ತಂತಿ ಬೇಡವೆಂದಲ್ಲ. 14.4 ವೋಲ್ಟಿನಲ್ಲಿ 25 ಆಂಪಿಯರ್ ಕೊಡಬೇಕಾದರೆ 12.9 ವೋಲ್ಟಿನಲ್ಲಿ 30ಕ್ಕಿಂತ ಹೆಚ್ಚು ಆಂಪಿಯರ್ ಒಳಗೆ ಬರಬೇಕು. ವೋಲ್ಟು ಹೆಚ್ಚಿಸಿದ ಬೆಲೆಯನ್ನು ಆಂಪಿಯರಿನಲ್ಲಿ ತೆರಲೇಬೇಕು. ಶಕ್ತಿಯ ಅಂಗಡಿಯಲ್ಲಿ ಪುಕ್ಕಟೆ ಏನೂ ಇಲ್ಲ.

ಎರಡು ಬ್ಯಾಟರಿಗಳ ನಡುವೆ ಬೇರ್ಪಡಿಸುವ ಏರ್ಪಾಡು ಇರಲೇಬೇಕೆಂಬುದನ್ನೂ ಇಲ್ಲೇ ಹೇಳಬೇಕು. ಇಲ್ಲವಾದರೆ ರಾತ್ರಿಯಿಡೀ ಫ್ರಿಜ್ಜು ಜೀಪಿನ ಬ್ಯಾಟರಿಯನ್ನೂ ಹೀರಿ, ಬೆಳಿಗ್ಗೆ ಎಂಜಿನೇ ಚಾಲೂ ಆಗದು. ಫ್ರಿಜ್ಜು ನಿಂತರೆ ತೊಂದರೆ. ನಿರ್ಜನ ಹಾದಿಯಲ್ಲಿ ಜೀಪು ನಿಂತರೆ ಪ್ರಾಣಾಪಾಯ.

ನೆರಳಿನ ಜಗಳ

ಓಡುವ ಬಂಡಿಯ ಮಾತಾಯಿತು. ಒಂದೇ ಕಡೆ ಮೂರು ನಾಲ್ಕು ದಿನ ಬೀಡುಬಿಟ್ಟವರಿಗೆ ಗಳಿಕೆ ಎಂದರೆ ಬಿಸಿಲು. ಸಿಲಿಕಾನಿನ ಸೌರಕೋಶವನ್ನು 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ ಪ್ರದರ್ಶಿಸಿದಾಗ, ಬಿದ್ದ ಬಿಸಿಲಿನ ನೂರರಲ್ಲಿ ಆರು ಪಾಲು ಮಾತ್ರ ವಿದ್ಯುತ್ತಾಗುತ್ತಿತ್ತು. ಅದನ್ನು ಬಹಳ ಮೇಲಕ್ಕೆ ಏರಿಸಿದವರಲ್ಲಿ ಆಸ್ಟ್ರೇಲಿಯದವರೇ ಮುಖ್ಯರು. ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಮಾರ್ಟಿನ್ ಗ್ರೀನ್ ಮತ್ತು ಸಂಗಡಿಗರು 1989ರಲ್ಲಿ 22.8 ಪಾಲು ಮುಟ್ಟಿಸಿದರು. ಅವರ ವಿನ್ಯಾಸ ಮುಂದೆ ಜಗತ್ತಿನ ಕಾರ್ಖಾನೆಗಳಿಗೆಲ್ಲ ಹಬ್ಬಿತು. 2023ರ ಕ್ವೀನ್ ಎಲಿಜಬೆತ್ ಎಂಜಿನಿಯರಿಂಗ್ ಪ್ರಶಸ್ತಿ ಗ್ರೀನ್ ಮತ್ತು ಅವರ ಮೂವರು ಸಂಗಡಿಗರಿಗೆ ಸಂದದ್ದು ಈ ಕೆಲಸಕ್ಕೇ.

ಆದರೆ ಒಳ್ಳೆಯ ಫಲಕವನ್ನೂ ಕೆಟ್ಟ ಜಾಗದಲ್ಲಿ ಇಟ್ಟರೆ ಏನು ಫಲ? ದಂಪತಿಯ ಫಲಕ ಡೇರೆಯ ಮುಚ್ಚಳಕ್ಕೆ ಅಂಟಿಕೊಂಡಿತ್ತು. ಫ್ರಿಜ್ಜಿಗೆ ನೆರಳು ಬೇಕು, ಫಲಕಕ್ಕೆ ಬಿಸಿಲು ಬೇಕು. ಬಂಡಿ ಮಾತ್ರ ಒಂದೇ. ನೀಲಗಿರಿಯ ನೆರಳೂ ಮೋಸದ್ದು. ಅದರ ಎಲೆಗಳು ನೇತುಬಿದ್ದಿರುವುದರಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಇಳಿಯುತ್ತದೆ. ‘ಅರ್ಧ ಬಿಸಿಲಿದೆಯಲ್ಲ, ಅರ್ಧ ವಿದ್ಯುತ್ತು ಬಂದೀತು’ ಎಂದು ಯಾರಿಗಾದರೂ ಅನಿಸುತ್ತದೆ. ಬರುವುದಿಲ್ಲ.

ಕಾರಣ ಸರಳ. ಇಂಥ ಫಲಕದಲ್ಲಿ ಸಾಮಾನ್ಯವಾಗಿ 36 ಕೋಶಗಳು ಸಾಲಾಗಿ, ಒಂದರ ಬಾಲಕ್ಕೆ ಇನ್ನೊಂದರ ತಲೆ ಸೇರಿದಂತೆ, ಜೋಡಿಸಿಕೊಂಡಿರುತ್ತವೆ. ಪ್ರತಿಯೊಂದೂ ಅರ್ಧ ವೋಲ್ಟು. ಒಟ್ಟು 18 ವೋಲ್ಟು. ಒಂದೇ ಕೊಳವೆಯಲ್ಲಿ ನೀರು ಹರಿದಂತೆ ಪ್ರವಾಹ ಎಲ್ಲ ಕೋಶಗಳ ಮೂಲಕವೂ ಸಾಗಬೇಕು. ಒಂದು ಕೋಶಕ್ಕೆ ನೆರಳು ಬಿದ್ದರೆ ಕೊಳವೆಗೆ ಬಿರಡೆ ಹಾಕಿದ ಹಾಗೆ. ಆಗ ಬಳಸುದಾರಿ ಇರಲೆಂದು ಡಯೋಡುಗಳನ್ನು ಇಟ್ಟಿರುತ್ತಾರೆ. ಆದರೆ ಅವು ಆ ಕೋಶವನ್ನಷ್ಟೇ ಅಲ್ಲ, ಅದರ ಗುಂಪಿನ 18 ಕೋಶಗಳನ್ನೂ ಬದಿಗೆ ಸರಿಸಿಬಿಡುತ್ತವೆ. ಉಳಿಯುವುದು 9 ವೋಲ್ಟು. ಒಂಬತ್ತು ವೋಲ್ಟು ಹನ್ನೆರಡು ವೋಲ್ಟಿನ ಬ್ಯಾಟರಿಯನ್ನು ತುಂಬಲಾರದು. ತಗ್ಗಿನಿಂದ ದಿಬ್ಬಕ್ಕೆ ನೀರು ಹರಿಯುವುದುಂಟೆ? ಅಂಗೈಯಗಲ ನೆರಳು ಇಡೀ ಗಳಿಕೆಯನ್ನು ನಿಲ್ಲಿಸುವುದು ಹೀಗೆ.

ಆದ್ದರಿಂದ ಅನುಭವಸ್ಥರು ಬಂಡಿಯನ್ನು ನೆರಳಿನಲ್ಲಿ ಬಿಟ್ಟು, ಮಡಚುವ ಫಲಕವನ್ನು ಹತ್ತು ಮೀಟರ್ ದೂರದ ಬಯಲಿನಲ್ಲಿ ಇಡುತ್ತಾರೆ. ಇಲ್ಲಿಯೂ ತಂತಿ ದಪ್ಪಗಿರಬೇಕು. ಚಾರ್ಜನ್ನು ನಿಯಂತ್ರಿಸುವ ರೆಗ್ಯುಲೇಟರನ್ನು ಫಲಕದ ಬೆನ್ನಿಗಲ್ಲ, ಬ್ಯಾಟರಿಯ ಪಕ್ಕದಲ್ಲಿ ಇಡಬೇಕು. ಇನ್ನೊಂದು ಮಾತು: ಫಲಕದ ಮುಖ ಉತ್ತರಕ್ಕೆ! ಭೂಮಧ್ಯರೇಖೆಯ ದಕ್ಷಿಣದ ನಾಡಿನಲ್ಲಿ ಜೂನ್ ತಿಂಗಳ ಮಧ್ಯಾಹ್ನದ ಸೂರ್ಯ ಉತ್ತರದಲ್ಲಿರುತ್ತಾನೆ. ಕಿಂಬರ್ಲಿಯಲ್ಲಿ ಆಗ ಅವನು ಏರುವುದು ಸುಮಾರು 50 ಡಿಗ್ರಿಯವರೆಗೆ. ಫಲಕವನ್ನು ನೆಲಕ್ಕೆ ಮಲಗಿಸದೆ 40 ಡಿಗ್ರಿ ಓರೆಯಾಗಿ ನಿಲ್ಲಿಸಿದರೆ ನಡುಹಗಲ ಕಿರಣಗಳು ನೇರ ಬೀಳುತ್ತವೆ. ಬೆಳಿಗ್ಗೆ ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ ಒಂದಿಷ್ಟು ತಿರುಗಿಸಿದರೆ ಇನ್ನೂ ಲಾಭ.

ಗಳಿಕೆಯ ಲೆಕ್ಕ ಹೀಗೆ. 160 ವ್ಯಾಟಿನ ಫಲಕ, ದಿನಕ್ಕೆ 5 ಗಂಟೆಯ ಪೂರ್ಣ ಬಿಸಿಲಿಗೆ ಸಮನಾದ ಬೆಳಕು. ಕಾಗದದ ಮೇಲೆ 800 ವ್ಯಾಟ್-ಗಂಟೆ. ಆದರೆ ಹಣೆಬರಹದ 160 ವ್ಯಾಟು ಎನ್ನುವುದು ಕೋಶಗಳು 25 ಡಿಗ್ರಿಯಲ್ಲಿರುವಾಗಿನ ಮಾತು. ಬಿಸಿಲಲ್ಲಿ ಕೋಶ 65 ಡಿಗ್ರಿಗೆ ಕಾದರೆ, ಡಿಗ್ರಿಗೆ ನೂರರಲ್ಲಿ 0.4ರಂತೆ, 16 ಪಾಲು ಅಲ್ಲೇ ಹೋಯಿತು. ಧೂಳು, ತಂತಿ, ರೆಗ್ಯುಲೇಟರು ಎಲ್ಲ ಸೇರಿ ನೂರಕ್ಕೆ ಮೂವತ್ತು ಕಳೆದರೆ 560. ತುಂಬುವ 13 ವೋಲ್ಟಿನಿಂದ ಭಾಗಿಸಿದರೆ 43 ಆಂಪಿಯರ್-ಗಂಟೆ. ಖರ್ಚು 58, ಗಳಿಕೆ 43. ಸರಿಯಾಗಿ ಇಟ್ಟ ಒಂದು ಫಲಕದಿಂದಲೂ ದಿನಕ್ಕೆ 15ರ ಕೊರತೆ. ಅಂಥವೇ ಎರಡು ಫಲಕಗಳಿದ್ದರೆ 86; ಮೋಡದ ದಿನಕ್ಕೂ ಒಂದಿಷ್ಟು ಮಿಗುತ್ತದೆ. ಸೀಸದ ಬ್ಯಾಟರಿ ಕೊಟ್ಟದ್ದರಲ್ಲಿ ಹತ್ತು ಹದಿನೈದು ಪಾಲು ತಾನೇ ನುಂಗಿದರೂ ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ತುಂಬಿಸಿಕೊಳ್ಳುವ ದಾರಿ ತೆರೆಯುತ್ತದೆ. ಪೆಟ್ರೋಲ್ ಜನರೇಟರ್ ಇದೆಯಲ್ಲ ಎನ್ನುವವರೂ ಉಂಟು. ಎಷ್ಟೋ ರಾಷ್ಟ್ರೀಯ ಉದ್ಯಾನಗಳಲ್ಲಿ ಅದರ ಸದ್ದಿಗೆ ಅನುಮತಿ ಇಲ್ಲ.

ಹೊಸ ಬ್ಯಾಟರಿ, ಹೊಸ ಕಟ್ಟಳೆ

ಈಚಿನ ವರ್ಷಗಳಲ್ಲಿ ಲಿಥಿಯಂ ಕಬ್ಬಿಣ ಫಾಸ್ಫೇಟಿನ ಬ್ಯಾಟರಿ ಸೀಸದ ಜಾಗಕ್ಕೆ ಬರುತ್ತಿದೆ. ಅಮೆರಿಕದ ಟೆಕ್ಸಾಸಿನಲ್ಲಿ ಪಾಧಿ, ನಂಜುಂಡಸ್ವಾಮಿ ಮತ್ತು ಗುಡಿನಫ್ ಎಂಬ ವಿಜ್ಞಾನಿಗಳು 1997ರಲ್ಲಿ ಪ್ರಕಟಿಸಿದ ಪ್ರಬಂಧ ಇದರ ಮೂಲ. ಲಿಥಿಯಂ ಬ್ಯಾಟರಿಗಳಿಗಾಗಿ 2019ರ ನೊಬೆಲ್ ಹಂಚಿಕೊಂಡ ಜಾನ್ ಗುಡಿನಫ್ ಅವರೇ ಇವರು. ನೂರು ವರ್ಷ ಬಾಳಿ 2023ರಲ್ಲಿ ತೀರಿಕೊಂಡರು.

ಈ ಬ್ಯಾಟರಿಯಲ್ಲಿ 100ರಲ್ಲಿ 80ನ್ನು ನಿಶ್ಚಿಂತೆಯಿಂದ ಬಳಸಬಹುದು. ಸೀಸದ್ದು ಸುಮಾರು 30 ಕಿಲೊ ತೂಗಿದರೆ ಇದು ಅದರ ಅರ್ಧಕ್ಕಿಂತ ಕಡಿಮೆ. ಅರೆಬರೆ ತುಂಬಿದರೂ ಮುನಿಯುವುದಿಲ್ಲ. ತುಂಬಿದ್ದೆಲ್ಲವನ್ನೂ ಹೆಚ್ಚುಕಡಿಮೆ ಹಿಂದಿರುಗಿಸುತ್ತದೆ. ಆದರೆ ಇದರದೂ ಕಟ್ಟಳೆಗಳಿವೆ. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಇದನ್ನು ಚಾರ್ಜು ಮಾಡಬಾರದು. ಲಿಥಿಯಂ ಲೋಹವಾಗಿ ಒಳಗೆ ಲೇಪಗೊಂಡು ಕೋಶ ಕೆಡುತ್ತದೆ. ಕಿಂಬರ್ಲಿಯಲ್ಲಿ ಆ ಭಯವಿಲ್ಲ. ಆದರೆ ಮರುಭೂಮಿಯ ನಡುವಿನ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಜುಲೈ ರಾತ್ರಿಗಳು ಸೊನ್ನೆಗಿಂತ ಕೆಳಗಿಳಿಯುವುದುಂಟು. ಹಳೆಯ ಸೀಸದ ಚಾರ್ಜರನ್ನೇ ಇದಕ್ಕೆ ಹಚ್ಚುವ ಮೊದಲು ಅದು ಲಿಥಿಯಂಗೂ ಹೊಂದುವುದೇ ಎಂದು ನೋಡಬೇಕು.

ಎಲ್ಲಕ್ಕಿಂತ ಮುಖ್ಯವಾದ ಕಟ್ಟಳೆ: ವೋಲ್ಟ್ ಮೀಟರನ್ನು ನಂಬಬಾರದು. ಸೀಸದ ಬ್ಯಾಟರಿ ಕೆಲವು ಗಂಟೆ ವಿಶ್ರಮಿಸಿದ ಮೇಲೆ 12.7 ತೋರಿಸಿದರೆ ತುಂಬಿದೆ ಎಂದೂ 12.2 ತೋರಿಸಿದರೆ ಅರ್ಧಕ್ಕೆ ಬಂದಿದೆ ಎಂದೂ ಅಂದಾಜು ಮಾಡಬಹುದು. ಲಿಥಿಯಂ ಹಾಗಲ್ಲ. ಬಹುತೇಕ ತುಂಬಿದಾಗಲೂ ಮೂರನೇ ಒಂದಕ್ಕೆ ಇಳಿದಾಗಲೂ 13.2ರ ಆಸುಪಾಸಿನಲ್ಲೇ ನಿಂತಿರುತ್ತದೆ. ಕೊನೆಗೆ ದಡಕ್ಕನೆ ಕುಸಿಯುತ್ತದೆ.

ಹಾಗಾದರೆ ತಿಳಿಯುವುದು ಹೇಗೆ? ಹಗೇವಿನ ಬಾಯಲ್ಲಿ ಕೂತು, ಒಳಗೆ ಹೋದ ಸೇರೆಷ್ಟು, ಹೊರಗೆ ಬಂದ ಸೇರೆಷ್ಟು ಎಂದು ಎಣಿಸುವವನೊಬ್ಬ ಬೇಕು. ‘ಷಂಟ್’ ಮಾಡುವುದು ಅದನ್ನೇ. ಬ್ಯಾಟರಿಯ ಋಣ ತುದಿಯ ದಾರಿಯಲ್ಲಿ ಕೂರಿಸಿದ, ತಡೆ ಇಲ್ಲವೇ ಇಲ್ಲವೆನ್ನುವಷ್ಟು ಅಲ್ಪವಾದ ಲೋಹದ ತುಂಡು ಅದು. ಅದರ ಎರಡು ತುದಿಗಳ ನಡುವಿನ ಅತಿ ಸಣ್ಣ ವೋಲ್ಟೇಜನ್ನು ಅಳೆದು, ಹರಿದ ಪ್ರತಿ ಆಂಪಿಯರನ್ನೂ ಜಮಾ–ಖರ್ಚಿನ ಪುಸ್ತಕಕ್ಕೆ ಏರಿಸುತ್ತದೆ. ಹೈಸ್ಕೂಲಿನ ಓಮನ ನಿಯಮವೇ ಇಲ್ಲಿ ಶಾನುಭೋಗ.

ಮತ್ತೆ ಅದೇ ಹಳ್ಳದ ದಡ

ಆ ದಂಪತಿಗೆ ಬೇಕಾದದ್ದು ಎರಡರಷ್ಟು ದೊಡ್ಡ ಬ್ಯಾಟರಿಯಲ್ಲ ಎಂಬುದು ಈಗ ಸ್ಪಷ್ಟ. ಡರ್ಬಿಯಿಂದ ಹೊರಟಾಗಲೇ ಅವರ ಬ್ಯಾಟರಿ ಪೂರ್ತಿ ತುಂಬಿರಲಿಲ್ಲ. ಹಿಂದಿನ ರಾತ್ರಿ ಪ್ಲಗ್ಗಿಗೆ ಹಚ್ಚದೆ ಮಲಗಿದ್ದರು. ದಾರಿಯಲ್ಲಿ ತೆಳು ತಂತಿ ಎಂಬತ್ತಕ್ಕೆ ತಂದು ನಿಲ್ಲಿಸಿತು. ಮೊದಲ ರಾತ್ರಿ 25 ಖರ್ಚಾಗಿ 55 ಉಳಿಯಿತು. ಮಾರನೆಯ ಹಗಲು 33 ಖರ್ಚು. ಚುಕ್ಕೆ ನೆರಳಿನ ಫಲಕ ಕೊಟ್ಟದ್ದು ಹದಿನೈದೋ ಏನೋ. ಸಂಜೆಗೆ 37. ಎರಡನೆಯ ರಾತ್ರಿ ಮತ್ತೆ 25. ಉಳಿದ 12ರ ಹೊತ್ತಿಗೆ ಫ್ರಿಜ್ಜು ಕೈಚೆಲ್ಲಿತು. ಇದರಲ್ಲಿ ದೈವದ ಆಟವೇನೂ ಇಲ್ಲ, ಕೂಡಿಸಿ ಕಳೆಯುವ ಲೆಕ್ಕ.

ಎರಡನೆಯ ಸಲ ಹೊರಟಾಗ ಅವರು ಹಿಂದಿನ ರಾತ್ರಿಯೇ ಪ್ಲಗ್ಗಿಗೆ ಹಚ್ಚಿ ಬ್ಯಾಟರಿ ತುಂಬಿದರು. ದಪ್ಪ ತಂತಿ, ಡಿಸಿ-ಡಿಸಿ ಚಾರ್ಜರ್, ಬಯಲಿನಲ್ಲಿಡುವ ಎರಡು ಫಲಕ, ಒಂದು ಷಂಟ್. ಬ್ಯಾಟರಿ ಮಾತ್ರ ಹಳೆಯದೇ. ಇನ್ಸುಲಿನ್ ಫ್ರಿಜ್ಜಿನ ತಣ್ಣನೆಯ ಗೋಡೆಗೆ ತಾಗದಂತೆ ನಡುವಿನ ಡಬ್ಬದಲ್ಲಿದೆ, ಪಕ್ಕದಲ್ಲಿ ಸಣ್ಣ ಥರ್ಮಾಮೀಟರಿದೆ. ಪ್ರತಿ ಬೆಳಿಗ್ಗೆ ಬಿಸಿಲೇರುವ ಮೊದಲು, ಅಂದರೆ ಹಗೇವು ಅತಿ ತಗ್ಗಿರುವ ಹೊತ್ತಿನಲ್ಲಿ, ಹೆಂಡತಿ ಮೀಟರು ನೋಡಿ ನೋಟ್‌ಬುಕ್ಕಿನಲ್ಲಿ ಒಂದು ಅಂಕಿ ಬರೆಯುತ್ತಾಳೆ. ನಿನ್ನೆಯ ಅಂಕಿಗಿಂತ ಇಂದಿನದು ತಗ್ಗಿದ್ದರೆ ಆ ದಿನ ಫಲಕವನ್ನು ಇನ್ನೊಮ್ಮೆ ತಿರುಗಿಸಬೇಕು, ಇಲ್ಲವೇ ಬಾಟಲಿಗಳನ್ನು ಹೊರಗಿಡಬೇಕು. ಎರಡು ದಿನ ತಗ್ಗಿದರೆ ಮುಂದಿನ ಊರಿನ ಕಡೆಗೆ ಹೊರಡಬೇಕು. ಫ್ರಿಜ್ಜು ಬೆಚ್ಚಗಾದ ಮೇಲೆ ತಿಳಿಯುತ್ತಿದ್ದ ಸುದ್ದಿ ಈಗ ಎರಡು ದಿನ ಮೊದಲೇ ತಿಳಿಯುತ್ತದೆ.

ಟ್ರೇಗರ್ ಅವರ ರೇಡಿಯೊದ ಮುಂದೆ ಕೂತವರಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಒಂದೊಂದು ವ್ಯಾಟಿಗೂ ಅವರ ಕಾಲೇ ನೋಯುತ್ತಿತ್ತು.